ಕೀಲೇ ಇಲ್ಲದ ಜಾಗಕ್ಕೆ ಕೀಲಿನ ಕ್ಯಾನ್ಸರ್ ಹೆಂಗೆ ಬಂತು?

ಪಾಂಡವಪುರ ಕಡೆಯ ಓದುಗರೊಬ್ರು ಬರೆದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ. ತಮ್ಮನಿಗೆ 24 ವರ್ಷ, ಆಲೆಮನೇಲಿ ಕೆಲಸ. ಕುತ್ತಿಗೆ ಪಕ್ಕ ನಿಂಬೆಹಣ್ಣಿನಷ್ಟು ಗಂಟು, ಒಂದೂವರೆ ವರ್ಷದಿಂದ ಇತ್ತಂತೆ, ನೋವಿರ್ಲಿಲ್ಲ. ಕಬ್ಬಿನ ಹೊರೆ ಹೊತ್ತು ಹಂಗಾಗಿದೆ ಅಂತ ಸುಮ್ನಿದ್ರು, ನಮ್ಮ ಪತ್ರಿಕೆ ನೋಡಿ ಪಟ್ಟು ಹಾಕಿದ್ರು, ಕೊನೆಗೆ ಒಂದು ನರ್ಸಿಂಗ್ ಹೋಮಲ್ಲಿ ಕೊಬ್ಬಿನ ಗಂಟು ಅಂತ ತೆಗೆಸಿದ್ರು. ಬಯಾಪ್ಸಿ ರಿಪೋರ್ಟು 'ಸೈನೋವಿಯಲ್ ಸಾರ್ಕೋಮಾ' ಅಂತು. "ಸೈನೋವಿಯಮ್ ಅಂದ್ರೆ ಕೀಲಿನೊಳಗಿನ ಪೊರೆ ಅಂತೆ, ಕುತ್ತಿಗೆ ಪಕ್ಕ ಯಾವ ಕೀಲಿದೆ ಸಾರ್, ಬೇರೆಯವರ ರಿಪೋರ್ಟ್ ಕೊಟ್ಬಿಟ್ರಾ? ನಮ್ಮತ್ತೆ ಹೇಳೋ ಹಂಗೆ ಆಪರೇಷನ್ ಕತ್ತಿ ತಾಗಿ ಕೆರಳ್ತಾ? ನನ್ನ ಮಕ್ಕಳಿಗೂ ಬರುತ್ತಾ?" ಇಷ್ಟು ಪ್ರಶ್ನೆ.

ಅಮ್ಮಾ, ಮೊದಲು ನಮ್ಮ ತಪ್ಪು ಒಪ್ಕೊಂಡ್ಬಿಡ್ತೀನಿ. ಮನೆಮದ್ದು ಕಾಲಂನಲ್ಲಿ ಎಲ್ಲಾ ಗಂಟಿಗೂ ಒಂದೇ ಪಟ್ಟು ಅಂತ ಹಾಕಿದ್ದು ನಾನೇ, ಜಾಗ ಖಾಲಿ ಇತ್ತು ಅಂತ ತುಂಬಿದ್ದು. ಪಟ್ಟಿನಿಂದ ಕ್ಯಾನ್ಸರ್ ಬರಲಿಲ್ಲ, ಆದ್ರೆ ಒಂದಷ್ಟು ತಿಂಗಳು ಹೋಯ್ತಲ್ಲ, ಅದು ನನ್ನ ಲೆಕ್ಕಕ್ಕೇ ಇರ್ಲಿ.

ಇನ್ನು ಹೆಸರಿನ ವಿಷಯ. ನಿಮ್ಮ ಅನುಮಾನದಲ್ಲಿ ತಪ್ಪಿಲ್ಲ, ತಪ್ಪಿರೋದು ಹೆಸರಲ್ಲಿ. ಹಿಂದೆ ಮೈಕ್ರೋಸ್ಕೋಪಲ್ಲಿ ನೋಡಿದವ್ರಿಗೆ ಇದರ ಜೀವಕೋಶ ಕೀಲಿನ ಪೊರೆ ಥರ ಕಾಣ್ತು, ಮೊಣಕಾಲಿನ ಆಸುಪಾಸಲ್ಲೇ ಜಾಸ್ತಿ ಸಿಕ್ತು, ಹೆಸರಿಟ್ರು, ಆಮೇಲೆ ಇದು ಕೀಲಿನ ಪೊರೆಯಿಂದ ಹುಟ್ಟೋದೇ ಅಲ್ಲ ಅಂತ ಗೊತ್ತಾದ್ರೂ ಹೆಸರು ಅಂಟ್ಕೊಂಡೇ ಉಳೀತು, ನಮ್ಮೂರಲ್ಲಿ ಕೆರೆ ಮುಚ್ಚಿ ಸೈಟ್ ಮಾಡಿದ್ಮೇಲೂ ಕೆರೆ ಏರಿ ಸ್ಟಾಪ್ ಅಂತಾನೇ ಟಿಕೆಟ್ ಕೇಳ್ತೀವಲ್ಲ ಹಂಗೆ. ಕುತ್ತಿಗೆ, ಶ್ವಾಸಕೋಶ, ಅಪರೂಪಕ್ಕೆ ಹೃದಯದಲ್ಲೂ ಕಾಣಿಸ್ಕೊಂಡಿದೆ. ಹದಿಹರೆಯದವ್ರು, ಮೂವತ್ತರ ಆಸುಪಾಸಿನವ್ರಲ್ಲೇ ಜಾಸ್ತಿ. ನಿಧಾನಕ್ಕೆ ಬೆಳೆಯೋದ್ರಿಂದ ವರ್ಷಗಟ್ಲೆ ಸಾಧು ಗಂಟಿನ ಥರ ಕೂತಿರುತ್ತೆ, ಅದೇ ಇದರ ಮೋಸ.

ಸಾರ್ಕೋಮಾ, ಅಂದ್ರೆ ಮಾಂಸಖಂಡ, ಕೊಬ್ಬಿನಂಥ ಅಂಗಾಂಶದಲ್ಲಿ ಹುಟ್ಟೋ ಕ್ಯಾನ್ಸರ್, ಆ ಜಾತಿನೇ ಅಪರೂಪ. ದೊಡ್ಡವರಿಗೆ ಬರೋ ಕ್ಯಾನ್ಸರ್ 100ರಲ್ಲಿ ಹೆಚ್ಚುಕಮ್ಮಿ 1 ಮೆದು ಅಂಗಾಂಶದ್ದು, ಅದರೊಳಗೇ 50ಕ್ಕೂ ಜಾಸ್ತಿ ಬಗೆ. ಬೆರಳಲ್ಲಿ ಮಾಯದ ಹುಣ್ಣಿನ ಥರ ಕೂರೋದೊಂದು, ವಯಸ್ಸಾದವ್ರ ತಲೆ ಮೇಲೆ ಪೆಟ್ಟು ಬಿದ್ದ ನೀಲಿ ಕಲೆ ಥರ ಕಾಣೋದೊಂದು. ಹಂಗಾಗಿ ಕುತ್ತಿಗೆ ಗಂಟು ಅಂದ್ರೆ ಡಾಕ್ಟ್ರಿಗೆ ಮೊದಲು ಟಿಬಿ, ಥೈರಾಯ್ಡು ನೆನಪಾಗೋದು ಸಹಜಾನೇ.

ಕತ್ತಿ ತಾಗಿ ಕೆರಳ್ತಾ ಅಂದ್ರೆ, ನಿಮ್ಮತ್ತೆ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಮನಸ್ಸಿಲ್ಲ. ಆಪರೇಷನ್ ಮಾಡಿದ್ರೆ ಕ್ಯಾನ್ಸರ್ ಹರಡುತ್ತೆ ಅನ್ನೋದು ಸುಳ್ಳು, ಇದಕ್ಕೆ ಮುಖ್ಯ ಚಿಕಿತ್ಸೆಯೇ ಆಪರೇಷನ್ನು. ಆದ್ರೆ ಏನು ಅಂತ ಗೊತ್ತಿಲ್ದೆ ಕೊಬ್ಬಿನ ಗಂಟು ಅಂತ ಸಿಪ್ಪೆ ಸುಲಿದ ಹಾಗೆ ಎತ್ತಿಬಿಟ್ರೆ, ಕಾಣದ ಜೀವಕೋಶಗಳು ಗಾಯದ ತಳದಲ್ಲಿ ಉಳ್ಕೊಳ್ಳೋ ಸಾಧ್ಯತೆ ಇದೆ. ಸಾರ್ಕೋಮಾನ ಸುತ್ತಲಿನ ಒಳ್ಳೆ ಭಾಗವನ್ನೂ ಒಂದು ಪದರ ಸೇರಿಸಿ ತೆಗೀಬೇಕು. ಅದಕ್ಕೇ ಮೊದಲು ಎಂಆರ್‌ಐ, ಆಮೇಲೆ ದಪ್ಪ ಸೂಜಿ ಬಯಾಪ್ಸಿ, ಆಮೇಲೆ ಕತ್ತಿ. ಕತ್ತಿಯ ತಪ್ಪಲ್ಲ ಕಣಮ್ಮ, ಸರದಿ ತಪ್ಪಿದ್ದು. ಈಗ ಆ ಜಾಗದ್ದು ಎಂಆರ್‌ಐ, ರಕ್ತದಲ್ಲಿ ಹೋದ್ರೆ ಮೊದಲು ಶ್ವಾಸಕೋಶಕ್ಕೇ ಹೋಗೋದು ಜಾಸ್ತಿ ಅಂತ ಎದೆದೊಂದು ಸಿಟಿ ಹೇಳ್ತಾರೆ. ಇನ್ನೊಂದು ಆಪರೇಷನ್ನು, ಜೊತೆಗೆ ರೇಡಿಯೇಷನ್ ಅಂದ್ರೆ ಗಾಬರಿ ಬೀಳ್ಬೇಡಿ, ಇಂಥ ಕೇಸಲ್ಲಿ ಅದು ಮಾಮೂಲು.

ಮಕ್ಕಳ ವಿಷಯಕ್ಕೆ ನೆಮ್ಮದಿಯಾಗಿ ನಿದ್ದೆ ಮಾಡಿ. ಇದ್ರಲ್ಲಿ ಎಕ್ಸ್ ಮತ್ತು 18ನೇ ಕ್ರೋಮೋಸೋಮಿನ (ವಂಶವಾಹಿ ಹೊತ್ತಿರೋ ಎಳೆಗಳ) ತುಂಡುಗಳು ಅದಲುಬದಲಾಗಿ ಅಂಟ್ಕೊಂಡಿರ್ತವೆ, ಆದ್ರೆ ಅದು ಆಗಿರೋದು ಆ ಗಂಟಿನ ಜೀವಕೋಶದಲ್ಲಿ ಮಾತ್ರ, ಅಪ್ಪ ಅಮ್ಮನಿಂದ ಬಂದಿದ್ದಲ್ಲ. ಕಬ್ಬಿನ ಹೊರೆಯಿಂದ ಬಂದಿದ್ದೂ ಅಲ್ಲ, ತಮ್ಮನಿಗೆ ಅದನ್ನ ಹೇಳಿ, ಪಾಪ ತನ್ನನ್ನೇ ಬೈಕೊಳ್ತಿರ್ತಾನೆ.

ಈ ಅದಲುಬದಲನ್ನೇ ಫಿಶ್ ಅನ್ನೋ ಟೆಸ್ಟಲ್ಲಿ ಹುಡುಕ್ತಾರೆ, ರೋಗ ಇದೇನಾ ಅನ್ನೋ ನಿಮ್ಮ ಅನುಮಾನಕ್ಕೆ ಅಲ್ಲೇ ಉತ್ತರ, ಆದ್ರೆ ಗಂಟು ಅವನದೇನಾ ಅಂತ ಈ ಟೆಸ್ಟು ಹೇಳಲ್ಲ. ಈ ಟೆಸ್ಟಿಗೆ ತೆಗೆದ ಗಂಟಿನ ಮೇಣದ ಬ್ಲಾಕು, ಅಂದ್ರೆ ಲ್ಯಾಬಲ್ಲಿ ಮೇಣದೊಳಗೆ ಕೂರಿಸಿಟ್ಟ ತುಂಡು, ಬೇಕು. ಬರೀ ರಿಪೋರ್ಟ್ ಜೆರಾಕ್ಸ್ ಇಸ್ಕೊಂಡು ಬರ್ಬೇಡಿ, ಬ್ಲಾಕು, ಸ್ಲೈಡು ಎರಡೂ ಕೇಳಿ ಇಸ್ಕೊಳ್ಳಿ. ಅವನ್ನ ತಗೊಂಡು ಬೆಂಗಳೂರಿನ ಕಿದ್ವಾಯಿಗೆ ಹೋಗಿ, ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಯೋಜನೆಗೆ ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರ್ ಬೇಕಾ ಅಂತ ಮಂಡ್ಯದಲ್ಲೇ ಕೇಳ್ಕೊಂಡು ಹೊರಡಿ. ಬ್ಲಾಕ್ ಕೊಡೋಕೆ ಹಿಂದೆಮುಂದೆ ನೋಡಿದ್ರೆ ಆಫೀಸಿಗೆ ಫೋನ್ ಮಾಡಿ, ನಾನೇ ಬಂದು ಕೂತ್ಕೋತೀನಿ. ಮನೆಮದ್ದು ಕಾಲಂ ಈ ಸಂಚಿಕೆಯಲ್ಲಿ ಇಲ್ಲ, ಆ ಜಾಗಕ್ಕೇ ಈ ಪತ್ರ ಹಾಕಿದ್ದೀನಿ.