ಹತ್ತು ಸಾವಿರ ಬೆಂಬಲ ಬಂತು, ಸೆಟ್ ಮಾತ್ರ ಬರಲಿಲ್ಲ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಅಭಿಮಾನಿಗಳು ಕಟ್ಟಿದ ಮಾದರಿಗಳಲ್ಲಿ ಕೆಲವನ್ನು ಆರಿಸಿ ಅಂಗಡಿಗೆ ತರಲು ಒಂದಕ್ಕೊಂದು ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ ಮಾಡುವ ಡೆನ್ಮಾರ್ಕಿನ ಲೆಗೋ ಕಂಪನಿ ನಡೆಸುವ ಯೋಜನೆಯೇ ‘ಲೆಗೋ ಐಡಿಯಾಸ್’. 2008ರಲ್ಲಿ ಜಪಾನಿನಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು, 2011ರಲ್ಲಿ ಉಳಿದ ದೇಶಗಳಿಗೂ ತೆರೆದುಕೊಂಡಿತು, 2014ರಲ್ಲಿ ಈಗಿನ ಹೆಸರು ಪಡೆಯಿತು. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ.

ನಾನು ಬೆಂಬಲಿಸಿದ ಮಾದರಿಗೆ ಹತ್ತು ಸಾವಿರ ವೋಟು ಬಿತ್ತು. ಆಮೇಲೆ ತಿಂಗಳುಗಟ್ಟಲೆ ಕಾದರೂ ‘ಒಪ್ಪಿಗೆಯಾಗಿಲ್ಲ’ ಅಂತ ಒಂದೇ ಸಾಲು. ಹಾಗಾದರೆ ವೋಟಿಗೆ ಬೆಲೆ ಏನು?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ವೋಟು ಬಾಗಿಲು ತೆರೆಸುತ್ತದೆ, ಅಷ್ಟೇ. ಮೊದಲ 60 ದಿನದಲ್ಲಿ 100 ಬೆಂಬಲ ಬರಬೇಕು. ಬಂದರೆ ಇನ್ನೂ 365 ದಿನ ಸಿಗುತ್ತದೆ. 1,000 ಮುಟ್ಟಿದಾಗ 182 ದಿನ, 5,000ಕ್ಕೆ ಮತ್ತೆ 182 ದಿನ ಸೇರುತ್ತದೆ. 10,000 ಆದ ಮೇಲೆ ಮಾದರಿ ವರ್ಷಕ್ಕೆ ಮೂರು ಸರದಿಯಲ್ಲಿ ನಡೆಯುವ ಕಂಪನಿಯ ಪರಿಶೀಲನೆಗೆ ಹೋಗುತ್ತದೆ. 2021ರ ಒಂದು ಸರದಿಯಲ್ಲಿ ಒಟ್ಟಿಗೆ 57 ಮಾದರಿಗಳು ಬಂದು ಕೂತಿದ್ದವು. ಪೆಟ್ಟಿಗೆಯಾಗಿ ಅಂಗಡಿಗೆ ಬಂದದ್ದು ಬೆರಳೆಣಿಕೆಯಷ್ಟು.

ಅಲ್ಲಿ ನೋಡುವ ಸಂಗತಿಗಳೇ ಬೇರೆ. ಎಷ್ಟು ಪೀಸ್, ಎಷ್ಟು ಬೆಲೆ, ಆ ಬೆಲೆಗೆ ಕೊಳ್ಳುವವರು ಎಷ್ಟು ಮಂದಿ, ಸಿನಿಮಾ ಅಥವಾ ಆಟದ ಹಕ್ಕು ಬೇಕಿದ್ದರೆ ಸಿಗುತ್ತದೆಯೇ, ಅಪರಿಚಿತನೊಬ್ಬ ಸೆಟ್ಟಿನ ಜೊತೆ ಬರುವ ಪುಸ್ತಕ ನೋಡಿಕೊಂಡು ಕಟ್ಟಬಲ್ಲನೇ, ಮಕ್ಕಳ ಬ್ರಾಂಡಿಗೆ ಒಪ್ಪುತ್ತದೆಯೇ. ಕಂಪನಿಯೊಳಗೆ ಆಗಲೇ ಅಂಥದ್ದೇ ಸೆಟ್ ತಯಾರಾಗುತ್ತಿದ್ದರೆ ಎಷ್ಟು ಚೆನ್ನಾಗಿದ್ದರೂ ಅಭಿಮಾನಿಯ ಮಾದರಿ ನಿಲ್ಲುತ್ತದೆ, ಕಾರಣವನ್ನು ಅವರು ಹೊರಗೆ ಹೇಳುವುದೂ ಇಲ್ಲ. ನಿಮ್ಮ ಒಂದೇ ಸಾಲಿನ ಉತ್ತರದ ಹಿಂದೆ ಇವುಗಳಲ್ಲಿ ಯಾವುದಾದರೂ ಇರಬಹುದು.

ಒಪ್ಪಿಗೆ ಸಿಕ್ಕರೂ ಚಿತ್ರದಲ್ಲಿ ಕಂಡದ್ದೇ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಕಂಪನಿಯ ವಿನ್ಯಾಸಕಾರರು ಅದನ್ನು ಬುಡದಿಂದ ಮತ್ತೆ ಕಟ್ಟುತ್ತಾರೆ. 2022ರ ಟೇಬಲ್ ಫುಟ್‌ಬಾಲ್ ಸೆಟ್ ನೋಡಿ: 2,339 ಪೀಸ್‌ಗಳಿದ್ದೂ ಮೇಜು ತಂಡಕ್ಕೆ ಐದೈದು ಆಟಗಾರರಿಗೆ ಇಳಿಯಿತು, ಬೆಲೆ ಮಾತ್ರ ಇಳಿಯಲಿಲ್ಲ. ಅಭಿಮಾನಿಗಳು ಗೊಣಗಿದ್ದರಲ್ಲಿ ತಪ್ಪಿಲ್ಲ. ಇನ್ನೊಂದು ತುದಿಯಲ್ಲಿ 2019ರ ಮರದ ಮನೆಯಿದೆ: 3,036 ಪೀಸ್, ಎತ್ತಿ ತೆಗೆಯಬಹುದಾದ ಛಾವಣಿಗಳು, ಬೇಸಿಗೆಗೊಂದು ಮತ್ತು ಎಲೆ ಉದುರುವ ಕಾಲಕ್ಕೊಂದು ಎಂದು ಎರಡು ಬಣ್ಣದ ಎಲೆಗಳು. ಎಲೆ, ಗಿಡದ ಪೀಸ್‌ಗಳಲ್ಲಿ 180ಕ್ಕೂ ಹೆಚ್ಚು ಕಬ್ಬಿನಿಂದ ತೆಗೆದ ಪ್ಲಾಸ್ಟಿಕ್‌ನವು. ಮಂಡ್ಯದ ಓದುಗರಿಗೆ ಇದು ಇಷ್ಟವಾಗಬಹುದು.

ಮೈಸೂರು ಅರಮನೆಯನ್ನು ಲೆಗೋ ಗೊಂಬೆಗಳು ಒಳಗೆ ಓಡಾಡುವ ಅಳತೆಯಲ್ಲಿ ಮಾಡಿ ಕಳಿಸಬೇಕೆಂದಿದ್ದೇನೆ. ಸಾಧ್ಯವೇ? ದಸರಾ ದೀಪವೂ ಬೇಕು.
– ಗೃಹಿಣಿ, ಕುವೆಂಪುನಗರ, ಮೈಸೂರು

ಮೊದಲು ಲೆಕ್ಕ. ಗೊಂಬೆಯ ಅಳತೆ ಎಂದರೆ ಸುಮಾರು 1:42. ಅರಮನೆಯ ಮುಂಭಾಗ 245 ಅಡಿ, ಅಂದರೆ 74.7 ಮೀಟರ್. 42ರಿಂದ ಭಾಗಿಸಿದರೆ 1.78 ಮೀಟರ್, ಊಟದ ಮೇಜಿಗಿಂತ ಉದ್ದ. ಒಂದು ಸ್ಟಡ್ (ಪೀಸಿನ ನೆತ್ತಿಯ ಮೇಲಿನ ಗುಂಡು ಉಬ್ಬು) 8 ಮಿ.ಮೀ. ಜಾಗ ಹಿಡಿಯುತ್ತದೆ, ಹಾಗಾಗಿ ಅದು 222 ಸ್ಟಡ್. ಪೀಸ್‌ಗಳ ಲೆಕ್ಕ ಹಾಕುವ ಅಗತ್ಯವೇ ಬೀಳುವುದಿಲ್ಲ, ಇದು ಸೆಟ್ ಆಗುವುದಿಲ್ಲ.

1:200 ಮಾಡಿ. ಮುಂಭಾಗ 37.3 ಸೆಂ.ಮೀ. ಆಗುತ್ತದೆ, ಹತ್ತಿರ ಹತ್ತಿರ 47 ಸ್ಟಡ್. 156 ಅಡಿಯ ಆಳಕ್ಕೆ 30 ಸ್ಟಡ್ ಸಾಕು. 145 ಅಡಿಯ ನಡು ಗೋಪುರ 22 ಸೆಂ.ಮೀ. ಎತ್ತರ, ಅಂದರೆ 9.6 ಮಿ.ಮೀ.ನ 23 ಇಟ್ಟಿಗೆ. 48×48 ಸ್ಟಡ್‌ಗಳ ತಳಹಲಗೆಯ ಮೇಲೆ ಅರಮನೆ ಕೂತು, ಮುಂದೆ 18 ಸ್ಟಡ್ ಅಂಗಳ ಉಳಿಯುತ್ತದೆ. ಗೊಂಬೆಗಳನ್ನು ಮರೆತುಬಿಡಿ. ಅಂಬಾರಿಯ ಆನೆಯನ್ನು ನಾಲ್ಕೈದು ಸಣ್ಣ ಪೀಸ್‌ಗಳಲ್ಲಿ ಸೂಚಿಸಿದರೆ ನೋಡುವವರಿಗೆ ಅರ್ಥವಾಗುತ್ತದೆ.

ಇಲ್ಲಿ ಬಹಳ ಜನ ಎಡವುವುದು ನಡು ಗೆರೆಯಲ್ಲಿ. ಅರಮನೆ ಎಡ ಬಲ ಸಮನಾಗಿದೆ, ನಟ್ಟನಡುವೆ ಕಮಾನು, ಅದರ ಮೇಲೆ ಗೋಪುರ. 47 ಬೆಸಸಂಖ್ಯೆ, ತಳಹಲಗೆಯ 48 ಸಮಸಂಖ್ಯೆ. ಹಾಗೇ ಕಟ್ಟಿದರೆ ಗೋಪುರ ಅರ್ಧ ಸ್ಟಡ್, ಅಂದರೆ 4 ಮಿ.ಮೀ. ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ. ಒಂದೋ ಮುಂಭಾಗವನ್ನು 48ಕ್ಕೆ ಹಿಗ್ಗಿಸಿ ನಡು ಕಮಾನನ್ನು 4 ಸ್ಟಡ್ ಅಗಲ ಇಡಿ, ಇಲ್ಲವೇ ಬೆಸಸಂಖ್ಯೆಯ ಭಾಗದ ಕೆಳಗೆ ಜಂಪರ್ ಪ್ಲೇಟ್ ಹಾಕಿ. ನೆತ್ತಿಯ ನಡುವೆ ಒಂದೇ ಸ್ಟಡ್ ಇರುವ 1×2 ಪ್ಲೇಟ್ (ಇಟ್ಟಿಗೆಗಿಂತ ತೆಳುವಾದ ಚಪ್ಪಟೆ ಪೀಸ್) ಅದು, ಅರ್ಧ ಸ್ಟಡ್ ಸರಿಸುವುದಕ್ಕೆಂದೇ ಇರುವ ಪೀಸ್.

ಗುಮ್ಮಟಗಳು ಗುಲಾಬಿ ಬಣ್ಣದವು. ಗುಂಡು ಪೀಸ್‌ಗಳು ನಿಮಗೆ ಬೇಕಾದ ಗುಲಾಬಿಯಲ್ಲಿ ನಿಜಕ್ಕೂ ತಯಾರಾಗಿವೆಯೇ ಎಂದು ವಿನ್ಯಾಸ ತಂತ್ರಾಂಶ ‘ಸ್ಟುಡಿಯೋ’ದಲ್ಲೇ ನೋಡಿಕೊಳ್ಳಿ. ಇಲ್ಲದ ಬಣ್ಣವನ್ನು ಕಂಪನಿ ಮುಂದೆ ಹಾಕಿಸಬಹುದು, ಆದರೆ ಹಾಗೆ ಕೇಳುವ ಪೀಸ್‌ಗಳು ಹೆಚ್ಚಿದಷ್ಟೂ ಖರ್ಚು ಏರುತ್ತದೆ. ಇಲ್ಲದ ಆಕಾರದ ಪೀಸ್ ಕಲ್ಪಿಸಿ ಸೇರಿಸುವಂತಿಲ್ಲ.

ದೀಪಕ್ಕೆ ಬೇರೆ ಕಂಪನಿಯ ಬಲ್ಬ್ ಹಾಕುವಂತಿಲ್ಲ. ಪಾರದರ್ಶಕ ಹಳದಿಯ 1×1 ಗುಂಡು ಪ್ಲೇಟ್ ಸಾಲಾಗಿ ಜೋಡಿಸಬಹುದು. ಎಚ್ಚರವಿರಲಿ: 48 ಸ್ಟಡ್ ಉದ್ದದ ನಾಲ್ಕು ಸಾಲಿಗೇ 192 ಪೀಸ್ ಖರ್ಚು. ಸೂರಿನ ಅಂಚಿಗೆ ಮಾತ್ರ ಒಂದು ಸಾಲು ಕೊಟ್ಟು ಬಿಡಿ.

ಹಂಪಿಯ ಕಲ್ಲಿನ ರಥ?
– ಶಿಕ್ಷಕ, ಹೊಸಪೇಟೆ

ತೆಗೆದುಕೊಳ್ಳುವುದಿಲ್ಲ. ಧಾರ್ಮಿಕ ಕಟ್ಟಡ, ಚಿಹ್ನೆ, ವ್ಯಕ್ತಿ ಯಾವುದೂ ಆಗದೆಂಬ ನಿಯಮವಿದೆ. 50 ರೂಪಾಯಿ ನೋಟಿನ ಮೇಲೆ ಇದ್ದರೂ ಆ ರಥ ಗರುಡನ ಗುಡಿಯೇ. ರಾಜಕೀಯ, ಈಗಿನ ಕಾಲದ ಯುದ್ಧವಾಹನ, ಧೂಮಪಾನ ಇವೂ ಅದೇ ಪಟ್ಟಿಯಲ್ಲಿವೆ.

ಹಂಪಿಯಲ್ಲೇ ಇರುವ ಗಜಶಾಲೆ ನೋಡಿ. ಸಾಲಾಗಿ 11 ಕೋಣೆ. ಕೋಣೆಗೆ 4 ಸ್ಟಡ್‌ನಂತೆ 44, ಎರಡು ತುದಿಯ ಗೋಡೆಗೆ ಎರಡೆರಡು ಸೇರಿಸಿದರೆ ಸರಿಯಾಗಿ 48. ಗುಮ್ಮಟಗಳೆಲ್ಲ ಒಂದೇ ಆಕಾರದವಲ್ಲ, ಆದ್ದರಿಂದ ಕಟ್ಟುವವನಿಗೆ ಬೇಸರವೂ ಬಾರದು. ನಮ್ಮನ್ನು ಕೇಳಿದರೆ ರಥಕ್ಕಿಂತ ಇದೇ ಒಳ್ಳೆಯ ಸೆಟ್.

ಸ್ಟುಡಿಯೋ ತಂತ್ರಾಂಶದಲ್ಲಿ ಒಂದೂ ತಪ್ಪು ತೋರಿಸದ ಮನೆ, ಕೈಯಲ್ಲಿ ಕಟ್ಟಿದಾಗ ಗೋಡೆ ಬಾಗಿತು, ಪಕ್ಕದ ಫಲಕ ಕೂರಲಿಲ್ಲ, ಒಂದು ಪೀಸ್ ಬಿರುಕೇ ಬಿಟ್ಟಿತು. ಎಲ್ಲಿ ತಪ್ಪಿದೆ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೂರು ತೊಂದರೆಗೆ ಮೂರು ಕಾರಣ.

ಗೋಡೆ ಬಾಗಿದ್ದು ಸಂದಿನಿಂದ. ಗಾರೆ ಕೆಲಸದ ಮೇಸ್ತ್ರಿ ಸಂದಿನ ಮೇಲೆ ಸಂದು ಬಾರದಂತೆ ಇಟ್ಟಿಗೆ ಇಡುತ್ತಾನಲ್ಲ, ಇಲ್ಲೂ ಅದೇ ನ್ಯಾಯ. ಪರದೆಯ ಮೇಲೆ ನಕಲು ಮಾಡಿ ಅಂಟಿಸುವ ಅಭ್ಯಾಸದಲ್ಲಿ 2×4ರ ಮೇಲೆ 2×4 ಹಾಗೇ ಏರುತ್ತ ಹೋಗಿ, ಪಕ್ಕಪಕ್ಕದಲ್ಲಿ ನಿಂತ ಬಿಡಿ ಕಂಬಗಳಾಗಿರುತ್ತವೆ. ಒತ್ತಿದರೆ ತೆರೆದುಕೊಳ್ಳುತ್ತವೆ. ಮೂರು ನಾಲ್ಕು ಸಾಲಿಗೊಮ್ಮೆ 1×8 ಅಥವಾ 1×12 ಪ್ಲೇಟ್ ಅಡ್ಡ ಹಾಯಿಸಿ, ಮೂಲೆಗಳಲ್ಲಿ ಎರಡು ಗೋಡೆಯ ಇಟ್ಟಿಗೆ ಒಂದರೊಳಗೊಂದು ಹೆಣೆಯಲಿ. ಛಾವಣಿಯ ಭಾರವನ್ನೂ ಗಮನಿಸಿ: ಒಂದು 2×4 ಇಟ್ಟಿಗೆ ಸುಮಾರು 2.3 ಗ್ರಾಂ, ನೂರು ಹಾಕಿದರೆ 230 ಗ್ರಾಂ. ಅದು ಒಂಟಿ ಸ್ಟಡ್ ಅಗಲದ ಗೋಡೆಯ ಮೇಲೆ ಕೂತಿದೆ. ತಂತ್ರಾಂಶದ ಗಟ್ಟಿತನದ ಪರೀಕ್ಷೆ ಒಂದು ಸೂಚನೆ ಮಾತ್ರ, ಮೇಜಿನಿಂದ ಕಪಾಟಿಗೆ ಎತ್ತುವ ಕೈಯ ಎಳೆತ ಅದಕ್ಕೆ ಗೊತ್ತಿಲ್ಲ.

ಫಲಕ ಕೂರದ್ದು ಅಳತೆಯಿಂದ. ಸ್ಟಡ್ ಪಕ್ಕಕ್ಕೆ ತಿರುಗಿಸಿ ಕಟ್ಟುವಾಗ ಎರಡು ಲೆಕ್ಕ ಕೂಡಬೇಕು: ಸ್ಟಡ್‌ಗೆ 8 ಮಿ.ಮೀ., ಪ್ಲೇಟ್‌ಗೆ 3.2. ಎರಡು ಸ್ಟಡ್ 16 ಮಿ.ಮೀ., ಐದು ಪ್ಲೇಟ್‌ಗಳೂ 16 ಮಿ.ಮೀ., ಸರಿಹೋಯಿತು. ಮೂರು ಸ್ಟಡ್ ಎಂದರೆ 24, ಅಲ್ಲಿಗೆ ಏಳೂವರೆ ಪ್ಲೇಟ್ ಬೇಕು. ಅರ್ಧ ಪ್ಲೇಟ್ ಎಲ್ಲಿಂದ ತರುವುದು? L ಆಕಾರದ ಬ್ರಾಕೆಟ್ ಪೀಸಿನ ತೆಳು ಮುಖ ಸರಿಯಾಗಿ 1.6 ಮಿ.ಮೀ. ಇದೆ. ಏಳು ಪ್ಲೇಟ್ 22.4, ಬ್ರಾಕೆಟ್ 1.6, ಒಟ್ಟು 24. ನಿಮ್ಮ ಫಲಕದಲ್ಲಿ ಎಂಟು ಪ್ಲೇಟ್ ತುರುಕಿದ್ದೀರಿ ಎನಿಸುತ್ತದೆ.

ಬಿರುಕು ಬಿಟ್ಟದ್ದು ಒತ್ತಡದಿಂದ. ಎರಡು ಸ್ಟಡ್‌ಗಳ ನಡುವಿನ ಸಂದಿಯಲ್ಲಿ ಪ್ಲೇಟನ್ನು ನೆಟ್ಟಗೆ ಸಿಕ್ಕಿಸಿದ್ದೀರಾ ನೋಡಿ. ಸಂದಿ 3.2, ಪ್ಲೇಟೂ 3.2, ಕಾಗದದ ಮೇಲೆ ಸರಿ. ಕೈಯಲ್ಲಿ ಕೂದಲೆಳೆ ಜಾಗವೂ ಉಳಿಯದೆ ಪ್ಲಾಸ್ಟಿಕ್ ಹಿಗ್ಗಿ, ದಿನಗಳೆದಂತೆ ಒಡೆಯುತ್ತದೆ. ಕಂಪನಿಯ ವಿನ್ಯಾಸಕಾರರು ಇಂಥ ಜೋಡಣೆಗೆ ಕೈಹಾಕುವುದಿಲ್ಲ, ಪರಿಶೀಲನೆಯಲ್ಲೂ ಇದು ನಿಮ್ಮ ಪರ ನಿಲ್ಲದು.

ಎತ್ತರದ ಮಾದರಿ ಹೇಗೆ ನಿಲ್ಲಬೇಕೆಂದು ಕಲಿಯಲು 2017ರ ಸ್ಯಾಟರ್ನ್ 5 ರಾಕೆಟ್ ಸೆಟ್ ಬಿಚ್ಚಿ ನೋಡಿ. ಪೀಸ್ 1,969 (ಚಂದ್ರನ ಮೇಲೆ ಕಾಲಿಟ್ಟ ವರ್ಷ), ಎತ್ತರ ಸುಮಾರು ಒಂದು ಮೀಟರ್. ಒಳಗೆ ಚೌಕದ ಗಟ್ಟಿ ತಿರುಳು, ಬಾಗಿದ ಹೊರಮೈ ಫಲಕಗಳು ಅದಕ್ಕೆ ಪಕ್ಕದಿಂದ ಕಚ್ಚಿಕೊಂಡಿವೆ.

ನಮ್ಮ ಗುಂಪಿನಲ್ಲಿ ಐದು ಮಾದರಿ ಸಿದ್ಧವಾಗಿವೆ, ಒಂದನ್ನು ಕಳಿಸಬೇಕು. ಎಲ್ಲರೂ ಗೆಳೆಯರೇ, ಜಗಳವಾಗದ ಹಾಗೆ ಆರಿಸುವುದು ಹೇಗೆ?
– ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಚಿತ್ರ ನೋಡಿ ಅಂಕ ಕೊಡಬೇಡಿ, ಜಗಳ ಶುರುವಾಗುವುದೇ ಅಲ್ಲಿ. ಒಬ್ಬರ ಮಾದರಿಯನ್ನು ಇನ್ನೊಬ್ಬರು ಕಟ್ಟಲಿ. ಮಾಡಿದವರು ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು, ಕಟ್ಟುವವರು ಎಲ್ಲೆಲ್ಲಿ ತಡವರಿಸಿದರು, ಎಷ್ಟು ಸಲ ಬಿಚ್ಚಿ ಮತ್ತೆ ಹಾಕಿದರು ಎಂದು ಬರೆದುಕೊಳ್ಳಲಿ. ಇಡೀ ಮಾದರಿಗೆ ಪೀಸ್ ಸಾಲದಿದ್ದರೆ ತೀರ ಕಷ್ಟದ ಭಾಗವನ್ನಷ್ಟೇ, ಕೈಗೆ ಸಿಕ್ಕ ಬಣ್ಣದಲ್ಲಿ ಕಟ್ಟಿಸಿ.

ಕಟ್ಟಿದ ಮೇಲೆ ಬುಡವನ್ನು ಎರಡು ಕೈಯಲ್ಲಿ ಹಿಡಿದು ಎತ್ತಿ ಒಂದು ಸುತ್ತು ತಿರುಗಿಸಿ. ಏನು ಬಿತ್ತು? ಛಾವಣಿ ತೆಗೆದು ಮತ್ತೆ ಹಾಕಿ. ತೆಗೆಯುವಾಗ ಜೊತೆಗೆ ಗೋಡೆಯೂ ಎದ್ದು ಬಂದರೆ ಛಾವಣಿ ಹೆಚ್ಚು ಸ್ಟಡ್ ಕಚ್ಚಿದೆ ಎಂದರ್ಥ: ಹೆಚ್ಚಿನ ಕಡೆ ಸ್ಟಡ್ ಇಲ್ಲದ ನುಣುಪಾದ ಟೈಲ್ ಹಾಕಿ, ನಾಲ್ಕು ಮೂಲೆಯಲ್ಲಿ ಒಂದೊಂದೇ ಸ್ಟಡ್ ಉಳಿಸಿದರೆ ಸಾಕು.

ಆಮೇಲೆ ಪೀಸ್‌ಗಳ ಪಟ್ಟಿ ತೆಗೆದು, ಯಾವ ಪೀಸನ್ನು ಕಿತ್ತರೆ ಮಾದರಿಗೆ ನಷ್ಟವಿಲ್ಲ ಎಂದು ಕೇಳುತ್ತ ಹೋಗಿ. ಕಣ್ಣಿಗೆ ಕಾಣದ ಹಿಂಬದಿಯಲ್ಲಿ 300 ಪೀಸ್ ಅಡಗಿ ಕೂತಿರುವುದು ಸಾಮಾನ್ಯ. ಹಿಂದೆ 3,000 ಪೀಸ್‌ಗಳ ಮಿತಿ ಇತ್ತು, ಈಗ ಅದನ್ನು ಏರಿಸಿದ್ದಾರೆ. ಆದರೂ ಪೀಸ್ ಏರಿದಂತೆ ಬೆಲೆಯೂ ಏರುತ್ತದೆ, ಕೊಳ್ಳುವವರು ಕಡಿಮೆಯಾಗುತ್ತಾರೆ.

ಕೊನೆಗೆ, ಕಟ್ಟಿ ಮುಗಿದ ಮೇಲೆ ಅದು ಏನು ಮಾಡುತ್ತದೆ? 2020ರ ಗ್ರ್ಯಾಂಡ್ ಪಿಯಾನೋದಲ್ಲಿ 25 ಕೀಲಿಗಳೂ ಒತ್ತಿದರೆ ಅಲುಗುತ್ತವೆ, ಒಳಗೆ ಸುತ್ತಿಗೆ ಏಳುತ್ತದೆ. ಎರಡು ಮಾದರಿಗಳಿಗೆ ಸಮ ಅಂಕ ಬಂದರೆ ಇಂಥ ಒಂದು ಚಲನೆ ಇರುವುದನ್ನು ಕಳಿಸಿ. ಐದನ್ನೂ ಸೇರಿಸಿ ‘ಸರಣಿ’ ಎಂದು ಕಳಿಸುವ ಯೋಚನೆ ಬೇಡ, ಒಂದು ಪ್ರಸ್ತಾವಕ್ಕೆ ಒಂದೇ ಸೆಟ್.

ಮಗಳಿಗೆ 12 ವರ್ಷ. ಅವಳೇ ಮಾಡಿದ ಮಾದರಿ ಕಳಿಸಬಹುದೇ? ಕೈಯಲ್ಲಿ ಕಟ್ಟಿಯೇ ಇರಬೇಕೇ?
– ಪೋಷಕರು, ಶಿವಮೊಗ್ಗ

ಇನ್ನೊಂದು ವರ್ಷ ಕಾಯಬೇಕು, 13 ತುಂಬಿರಬೇಕು. 18ರವರೆಗೆ ನಿಮ್ಮ ಒಪ್ಪಿಗೆಯೂ ಬೇಕು. ಕೈಯಲ್ಲಿ ಕಟ್ಟಲೇಬೇಕೆಂದಿಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ನಡೆಯುತ್ತದೆ. ಆದರೆ ಮೇಲಿನ ಬೆಂಗಳೂರಿನವರ ಪತ್ರ ಓದಿಸಿ.

ಸೆಟ್ ಬಂದರೆ ಹಣ ಎಷ್ಟು? ಬರದಿದ್ದರೆ ಶ್ರಮವೆಲ್ಲ ನೀರುಪಾಲೇ?
– ಓದುಗರು, ಬೆಳಗಾವಿ

ನಿವ್ವಳ ಮಾರಾಟದ ಶೇ. 1. ಜೊತೆಗೆ ಸೆಟ್ಟಿನ ಕೆಲವು ಪ್ರತಿಗಳು, ಪುಸ್ತಕದಲ್ಲಿ ನಿಮ್ಮ ಪರಿಚಯ.

ಬರದಿದ್ದರೆ ಇನ್ನೊಂದು ದಾರಿಯಿದೆ. ಬಿಡಿ ಪೀಸ್ ಮಾರುವ ತಾಣ ಬ್ರಿಕ್‌ಲಿಂಕ್ ಅನ್ನು ಲೆಗೋ 2019ರಲ್ಲಿ ಕೊಂಡುಕೊಂಡಿತು. 2021ರಲ್ಲಿ ಅಲ್ಲಿ ಶುರುವಾದ ಡಿಸೈನರ್ ಪ್ರೋಗ್ರಾಂನ ಮೊದಲ ಸೆಟ್‌ಗಳು 10,000 ಬೆಂಬಲ ಪಡೆದೂ ಐಡಿಯಾಸ್‌ನಲ್ಲಿ ತಿರಸ್ಕೃತವಾದವೇ. ಅಲ್ಲಿ ಮುಂಗಡ ಬುಕಿಂಗ್ ನೋಡಿ ಸೀಮಿತ ಸಂಖ್ಯೆಯಲ್ಲಿ ತಯಾರಿಸುತ್ತಾರೆ. ನಿಯಮ ಬಿಗಿ: ಕೊಟ್ಟ ಪಟ್ಟಿಯ ಪೀಸ್ ಮತ್ತು ಬಣ್ಣಗಳಲ್ಲೇ ಕಟ್ಟಬೇಕು, ಪೀಸ್‌ಗಳ ಮೇಲೆ ನಿಮಗಾಗಿ ಹೊಸ ಚಿತ್ರ ಮುದ್ರಿಸುವುದಿಲ್ಲ. ಹಾಗಾಗಿ ಹಳೆಯ ಫೈಲನ್ನೇ ಕಳಿಸುವ ಮುನ್ನ ಪಟ್ಟಿಯಲ್ಲಿಲ್ಲದ ಪೀಸ್‌ಗಳನ್ನು ಒಂದೊಂದಾಗಿ ಬದಲಿಸಿಕೊಳ್ಳಿ, ಎಲೆ ಮತ್ತು ಗುಮ್ಮಟಗಳಿಂದ ಶುರು ಮಾಡಿ.