ಬೆಳಕಿನಾಟದ ನಡುವೆ ಹಾಡು ಉಳಿಯುತ್ತದೆಯೇ?

ಬಹುಕಾಲದಿಂದ ಮೆಚ್ಚಿಕೊಂಡು ಬಂದ ಗಾಯಕರನ್ನು ಮೊದಲ ಬಾರಿಗೆ ಎದುರಿನಲ್ಲೇ ಕೇಳಲು ಹೊರಟಿದ್ದೀರಿ. ದೊಡ್ಡ ಪರದೆ, ಬೆಳಕಿನಾಟಗಳ ಅಬ್ಬರದಲ್ಲಿ ಹಾಡೇ ಕಳೆದುಹೋದೀತೇ ಎಂದು ಕೇಳಿದ್ದೀರಿ. ಕಳೆದುಹೋಗಲೂಬಹುದು. ನನ್ನ ಪಾಲಿಗೆ ಹಾಗಾಗಲಿಲ್ಲ.

ನಾನು ಕೋಲಾರ ಜಿಲ್ಲೆಯ ಕೆಜಿಎಫ್‌ನವನು. ಅಪ್ಪ ಅಲ್ಲಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ನೆಲದಡಿ ದುಡಿದವರು. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ರಾಕ್ ಸಂಗೀತ ತಂಡದ ಕ್ಯಾಸೆಟ್ಟು ನನಗೆ ಸಿಕ್ಕಿದ್ದು ಪಕ್ಕದ ಬೀದಿಯ ಆಂಗ್ಲೋ ಇಂಡಿಯನ್ ಮನೆಯೊಂದರಿಂದ, ಎಂಟನೆಯ ತರಗತಿಯಲ್ಲಿ. ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು. ಆದರೆ ಒಂದು ಹಾಡಿನ ಆರಂಭದಲ್ಲಿ ಹತ್ತಾರು ಗಡಿಯಾರಗಳು ಒಟ್ಟಿಗೆ ಬಡಿದುಕೊಳ್ಳುತ್ತವಲ್ಲ, ಅದಕ್ಕೆ ಅಡುಗೆಮನೆಯಿಂದ ಅಮ್ಮ ಓಡಿಬಂದಿದ್ದರು. ಆ ಗಡಿಯಾರಗಳನ್ನು ಧ್ವನಿಮುದ್ರಣ ತಂತ್ರಜ್ಞ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯಲ್ಲಿ ಒಂದೊಂದಾಗಿ ಮುದ್ರಿಸಿಕೊಂಡಿದ್ದರೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

2002ರ ಏಪ್ರಿಲ್‌ನಲ್ಲಿ ಆ ತಂಡದ ಹಳೆಯ ಸದಸ್ಯ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ಗಣಿ ಮುಚ್ಚಿ ಆಗಷ್ಟೇ ವರ್ಷ ದಾಟಿತ್ತು. ಅದು ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ನಮ್ಮೂರಿನಲ್ಲಿ ಯಾರೂ ಆ ತಾರೀಖು ಮರೆತಿಲ್ಲ. ಮನೆಯಲ್ಲಿ ಟಿಕೆಟ್ಟಿನ ಮಾತು ಎತ್ತುವಂತಿರಲಿಲ್ಲ. ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣ ತೆಗೆದು, ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಹೋದೆ.

ನನ್ನ ನೆನಪಿನಲ್ಲಿ ಮೊದಲು ನಿಂತಿರುವುದು ಬೆಳಕಲ್ಲ, ಕತ್ತಲೆ. ದೀಪಗಳೆಲ್ಲ ಆರಿದವು, ಸಾವಿರಾರು ಜನ ತಾವಾಗಿಯೇ ಸುಮ್ಮನಾದರು. ಆಮೇಲೆ ಗಡಿಯಾರಗಳು ಬಡಿದವು, ಅದೂ ವೇದಿಕೆಯಿಂದಲ್ಲ, ನನ್ನ ಬೆನ್ನ ಹಿಂದಿನಿಂದ. ಮೈದಾನದ ಸುತ್ತ ಧ್ವನಿವರ್ಧಕಗಳನ್ನು ನಿಲ್ಲಿಸಿದ್ದರು. ನಗಾರಿಯ ಹೊಡೆತ ಪಾದದಿಂದ ಏರಿ ಎದೆಗೆ ಬಂದಾಗ ರಾಕ್ ಬರ್ಸ್ಟ್ ನೆನಪಾಯಿತು. ನಿಮ್ಮ ಕಡೆಯವರಿಗೆ ಅದು ತಿಳಿಯದು: ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದರೆ ಮೇಲೆ ನಮ್ಮ ಮನೆಯ ಪಾತ್ರೆಗಳು ಗಡಗಡ ಅನ್ನುತ್ತಿದ್ದವು, ಅಮ್ಮನ ಮುಖ ಬಿಳಿಚಿಕೊಳ್ಳುತ್ತಿತ್ತು. ಅಂದು ಮೈದಾನದಲ್ಲಿ ಅದೇ ನಡುಕಕ್ಕೆ ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ವೇದಿಕೆಯ ಹಿಂದಿನ ದೊಡ್ಡ ಪರದೆಯ ಮೇಲೆ ಚಿತ್ರಗಳು ಬರುತ್ತಿದ್ದವು. ಅವು ಚೆನ್ನಾಗಿದ್ದವು, ನಿಜ. ಆದರೆ ಇಂದು ಮದುವೆ ಮಂಟಪದಲ್ಲೂ ಅದಕ್ಕಿಂತ ಹೊಳೆಯುವ ಪರದೆ ಇರುತ್ತದೆ. ವಾಟರ್ಸ್ ಅವರ ಜಾಣತನ ಬೇರೆ ಕಡೆ ಇದೆ. 1980–81ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ದಿ ವಾಲ್’ (ಗೋಡೆ) ಪ್ರದರ್ಶನಗಳಲ್ಲಿ ಹಾಡು ನಡೆಯುತ್ತಿದ್ದಂತೆ ರಟ್ಟಿನ ಇಟ್ಟಿಗೆಗಳ ಗೋಡೆ ಏಳುತ್ತ ಹೋಗಿ, ವಾದಕರನ್ನೇ ಜನರಿಂದ ಮರೆ ಮಾಡುತ್ತಿತ್ತು. ದುಡ್ಡು ಕೊಟ್ಟು ಬಂದವರಿಗೆ ಗೋಡೆ ತೋರಿಸುವ ಧೈರ್ಯ! ಆ ಗೋಡೆ ಅಲಂಕಾರವಲ್ಲ, ಹಾಡಿನ ಮಾತೇ ಅದು. ನೀವು ಹೋಗುವಲ್ಲಿಯೂ ಇದೊಂದನ್ನು ಗಮನಿಸಿ: ಪರದೆಯನ್ನು ತೆಗೆದರೆ ಹಾಡಿಗೆ ಏನಾದರೂ ನಷ್ಟವಾಗುತ್ತದೆಯೇ? ಆಗುವುದಿಲ್ಲ ಅನ್ನಿಸಿದರೆ ಕಣ್ಣು ಮುಚ್ಚಿಕೊಂಡು ಕೇಳಿ, ಯಾರೂ ಬೈಯುವುದಿಲ್ಲ.

ಇನ್ನೊಂದು. ವೇದಿಕೆಯ ಬುಡಕ್ಕೆ ನುಗ್ಗಬೇಡಿ. ಧ್ವನಿ ನಿಯಂತ್ರಿಸುವವರು ಕೂರುವ ಜಾಗದ ಹತ್ತಿರ ನಿಲ್ಲಿ. ಅವರು ತಮ್ಮ ಕಿವಿಗೆ ಹೊಂದಿಸಿಕೊಂಡದ್ದು ಅಲ್ಲಿ ಸರಿಯಾಗಿ ಕೇಳುತ್ತದೆ, ಇಡೀ ವೇದಿಕೆಯೂ ಕಾಣುತ್ತದೆ. ಮೊಬೈಲ್ ಜೇಬಿನಲ್ಲಿರಲಿ. ವಾಪಸ್ ಬರುವ ದಾರಿ ಮೊದಲೇ ನೋಡಿಕೊಳ್ಳಿ. ನನಗೆ ಕೊನೆಯ ರೈಲು ತಪ್ಪಿ, ದಂಡು ರೈಲು ನಿಲ್ದಾಣದ ಬೆಂಚಿನ ಮೇಲೆ ಬೆಳಗು ಮಾಡಿದ್ದೆ.

ಅಪ್ಪನಿಗೆ ಆ ರಾತ್ರಿಯನ್ನು ವಿವರಿಸಲು ಆಗಲೇ ಇಲ್ಲ. ಕೆಲವು ವರ್ಷಗಳ ನಂತರ ವಾಟರ್ಸ್ ಅವರ ಅದೇ ಸಂಗೀತ ಪ್ರವಾಸದ ಡಿವಿಡಿ ತಂದು ಹಾಕಿದೆ. ಅದು 2000ದಲ್ಲಿ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಚಿತ್ರೀಕರಿಸಿದ್ದು. ಅದರಲ್ಲಿ ತುಂಬ ಉದ್ದದ ಹಾಡೊಂದರ ನಡುವೆ ವಾದಕರು ವಾದ್ಯ ಕೆಳಗಿಟ್ಟು, ವೇದಿಕೆಯ ಮೇಲೆಯೇ ಮೇಜಿನ ಸುತ್ತ ಕುಳಿತು ಇಸ್ಪೀಟ್ ಆಡುತ್ತಾರೆ. ಅಷ್ಟರವರೆಗೆ ತೂಕಡಿಸುತ್ತಿದ್ದ ಅಪ್ಪ ಎದ್ದು ಕುಳಿತು ಕನ್ನಡಕ ಹಾಕಿಕೊಂಡರು. ಹಾಡು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು:

“ಕೊನೆಗೆ ಯಾರು ಗೆದ್ದರು?”