ಇಲಿಯ ಅಂಡಾಶಯ, ಅಡುಗೆಮನೆಯ ಅರಿಷಿಣ

ನಮಸ್ಕಾರ.

ಸಿಂಧನೂರಿನಿಂದ ನೀವು ಕಳಿಸಿದ ‘ಅರಿಷಿಣ ಕುಡಿಯಿರಿ, ಅಂಡಾಶಯ ಉಳಿಸಿಕೊಳ್ಳಿ’ ಲೇಖನ ಓದಿದೆ. ತಿರುಚಿಕೊಂಡ ಅಂಡಾಶಯಕ್ಕೆ ಆಗುವ ಹಾನಿಯನ್ನು ಅರಿಷಿಣದಲ್ಲಿರುವ ಕರ್ಕ್ಯುಮಿನ್ ತಗ್ಗಿಸುತ್ತದೆ ಎಂಬ ಪ್ರಯೋಗದ ಬಗ್ಗೆ ಬರೆದಿದ್ದೀರಿ. ಈಗಿರುವ ಹಾಗೆ ಹಾಕಲು ಬರುವುದಿಲ್ಲ. ವಿಷಯ ಚೆನ್ನಾಗಿದೆ, ಕೆಡಿಸಿರುವುದು ಶೀರ್ಷಿಕೆ ಮತ್ತು ಕೊನೆಯ ಪ್ಯಾರಾ.

‘ಕಿಬ್ಬೊಟ್ಟೆ ನೋವಿಗೆ ರಾತ್ರಿ ಒಂದು ಲೋಟ ಅರಿಷಿಣದ ಹಾಲು ಸಾಕು’ ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ಒಂದೇ ಬದಿಗೆ ಇದ್ದಕ್ಕಿದ್ದಂತೆ ಹಿಡಿದ ನೋವು, ಜೊತೆಗೆ ವಾಂತಿ ಇದ್ದರೆ ಅಂಡಾಶಯ ತಿರುಚಿಕೊಂಡಿರಬಹುದು. ಅದನ್ನು ಬಿಡಿಸಲು ಆಪರೇಷನ್ನೇ ಬೇಕು, ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ‘ಸ್ಕ್ಯಾನ್ ಸರಿಯಿದ್ದರೆ ಚಿಂತೆಯಿಲ್ಲ’ ಎಂಬುದೂ ತಪ್ಪು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ರಕ್ತ ಹರಿಯುವುದು ಕಂಡರೂ ತಿರುಚಿಲ್ಲ ಎಂದು ಹೇಳಲಾಗದು.

ಎರಡನೇ ಪುಟದಲ್ಲಿ ‘ರಕ್ತ ನಿಂತು ಅಂಗಾಂಶ ಹಾಳಾಗುತ್ತದೆ’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಹೇಳಬೇಕಾದ್ದು ಅಲ್ಲಿಂದಲೇ ಶುರು. ರಕ್ತ ಮರಳಿ ಬಂದಾಗಲೂ ಪೆಟ್ಟು ಬೀಳುತ್ತದೆ. ತಿರುಚಿದಾಗ ಮೊದಲು ಅಮುಕಿಹೋಗುವುದು ರಕ್ತವನ್ನು ಹೊರಗೊಯ್ಯುವ ತೆಳುಗೋಡೆಯ ಅಭಿಧಮನಿ. ರಕ್ತ ತರುವ ಅಪಧಮನಿ ಇನ್ನೂ ರಕ್ತ ತಳ್ಳುತ್ತಿರುವುದರಿಂದ ಅಂಡಾಶಯ ಊದಿಕೊಳ್ಳುತ್ತದೆ. ಆಮ್ಲಜನಕ ಸಿಗದ ಜೀವಕೋಶದಲ್ಲಿ ಶಕ್ತಿ ಕೊಡುವ ಎಟಿಪಿ ಎಂಬ ಅಣು ಒಡೆದು ಹೈಪೊಕ್ಸಾಂಥಿನ್ ಎಂಬ ವಸ್ತು ಕೂಡಿಬೀಳುತ್ತದೆ. ತಿರುಚು ಬಿಡಿಸಿ ಆಮ್ಲಜನಕ ನುಗ್ಗಿದೊಡನೆ ಕ್ಸಾಂಥಿನ್ ಆಕ್ಸಿಡೇಸ್ ಎಂಬ ಕಿಣ್ವ ಇವೆರಡನ್ನೂ ಸೇರಿಸಿ ಸೂಪರ್‌ಆಕ್ಸೈಡ್ ಎಂಬ ಉಗ್ರ ರೂಪದ ಆಮ್ಲಜನಕವನ್ನು ಹುಟ್ಟಿಸುತ್ತದೆ. ಅದರಿಂದ ಜೀವಕೋಶದ ಪೊರೆಯ ಕೊಬ್ಬು ಕೆಡುತ್ತದೆ, ಹಿಂದೆಯೇ ಬಿಳಿ ರಕ್ತಕಣಗಳು ಬಂದು ಮುತ್ತುತ್ತವೆ. ನೀವು ಬರೆದ ಎಂಡಿಎ, ಅಂದರೆ ಮ್ಯಾಲೊಂಡೈಆಲ್ಡಿಹೈಡ್, ಹೀಗೆ ಕೆಟ್ಟ ಕೊಬ್ಬಿನ ಗುರುತು. ಮೂರು ಅಕ್ಷರ ಬರೆದು ಓದುಗರನ್ನು ನಡುದಾರಿಯಲ್ಲಿ ಬಿಡಬೇಡಿ.

ಹೋಲಿಕೆಗೆ ಅಣುಬಾಂಬ್ ಯಾಕೆ? ತುಂಗಭದ್ರಾ ಎಡದಂಡೆ ಕಾಲುವೆ ನಿಮ್ಮ ಪಕ್ಕದಲ್ಲೇ ಇದೆ. ತಿಂಗಳುಗಟ್ಟಲೆ ಒಣಗಿದ ಉಪಕಾಲುವೆಗೆ ಒಮ್ಮೆಲೇ ನೀರು ಬಿಟ್ಟರೆ ಮೊದಲು ಬರುವುದು ಕಸ, ಹೂಳು; ಬಿರುಕುಬಿಟ್ಟ ಎರೆಮಣ್ಣಿನ ಏರಿಯೂ ಕುಸಿಯಬಹುದು. ಹಾಗಂತ ನೀರು ಬಿಡದೆ ಇರಲಾದೀತೇ? ತಿರುಚು ಬಿಡಿಸುವುದೂ ಹಾಗೆಯೇ. ಕಪ್ಪುನೀಲಿಯಾಗಿ ಕಾಣುವ ಅಂಡಾಶಯ ಸತ್ತೇ ಹೋಗಿದೆ ಎನ್ನುವಂತಿಲ್ಲ, ಬಿಡಿಸಿದ ಮೇಲೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಲೇಖನದಲ್ಲಿ ಈ ಮಾತೇ ಇಲ್ಲ.

ಇನ್ನು ಲೆಕ್ಕ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದನ್ನು ಆವರಣದೊಳಗೆ ಅಡಗಿಸಿದ್ದೀರಿ. ಇಂಥವುಗಳಲ್ಲಿ ಸಾಮಾನ್ಯವಾಗಿ ಕೆಲವು ಗಂಟೆ ರಕ್ತ ತಡೆದು, ಬಿಡಿಸುವುದಕ್ಕೆ ಸ್ವಲ್ಪ ಮುಂಚೆ ಔಷಧವನ್ನು ಹೊಟ್ಟೆಯ ಕುಹರಕ್ಕೆ ಚುಚ್ಚುತ್ತಾರೆ. ಬಾಯಿಗೆ ಹಾಕುವುದು ಕಡಿಮೆ. ನೀವೇ ಕೊಟ್ಟ ಪ್ರಮಾಣ, ಕಿಲೋ ತೂಕಕ್ಕೆ 200 ಮಿ.ಗ್ರಾಂ. ಕರ್ಕ್ಯುಮಿನ್. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸುವಾಗ 6ರಿಂದ ಗುಣಿಸಿ 37ರಿಂದ ಭಾಗಿಸುವುದು ವಾಡಿಕೆ: ಕಿಲೋ ತೂಕಕ್ಕೆ ಸುಮಾರು 32 ಮಿ.ಗ್ರಾಂ. 60 ಕಿಲೋ ಹೆಂಗಸಿಗೆ ಹೆಚ್ಚುಕಡಿಮೆ 1.9 ಗ್ರಾಂ. ಅರಿಷಿಣ ಪುಡಿಯಲ್ಲಿ ಕರ್ಕ್ಯುಮಿನ್ ಶೇ. 3ರಷ್ಟು ಎಂದಿಟ್ಟುಕೊಂಡರೂ 65 ಗ್ರಾಂ ಪುಡಿ ಬೇಕು, ಅಂದರೆ ಇಪ್ಪತ್ತು ಚಮಚದಷ್ಟು! ಅಷ್ಟನ್ನೂ ನುಂಗಿದರೂ ಹೆಚ್ಚಿನ ಪಾಲು ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ, ಸೇರಿದ್ದನ್ನೂ ಯಕೃತ್ತು ಬೇಗ ಮಾರ್ಪಡಿಸಿಬಿಡುತ್ತದೆ. ಈ ಲೆಕ್ಕ ಲೇಖನದಲ್ಲೇ ಬರಲಿ, ಓದುಗರು ಅದನ್ನು ಮರೆಯುವುದಿಲ್ಲ.

ಈರುಳ್ಳಿ, ದ್ರಾಕ್ಷಿ, ಕುಷ್ಟಗಿ ದಾಳಿಂಬೆ ಎಲ್ಲ ಪೋಣಿಸಿದ ಪ್ಯಾರಾ ಬೇಡ. ‘ಉತ್ಕರ್ಷಣ ನಿರೋಧಕ’ (ಸೂಪರ್‌ಆಕ್ಸೈಡ್‌ನಂಥವುಗಳ ಹಾನಿ ತಡೆಯುವ ವಸ್ತು) ಹದಿನಾಲ್ಕು ಸಲ ಬಂದಿದೆ. ಒಮ್ಮೆ ಅರ್ಥ ಬಿಡಿಸಿ, ಆಮೇಲೆ ಆ್ಯಂಟಿಆಕ್ಸಿಡೆಂಟ್ ಅಂದರೆ ಸಾಕು. ತಿದ್ದಿ 800 ಪದದೊಳಗೆ ಕಳಿಸಿ. ಶೀರ್ಷಿಕೆಯಲ್ಲಿ ಇಲಿ ಇರಲೇಬೇಕು.